ಹಿಂದಕ್ಕೆ ಹರಿಯುವ ಹೊಳೆ

ಕಾಂಬೋಡಿಯದ ಟೋನ್ಲೆ ಸಾಪ್ ಸರೋವರ ನಕ್ಷೆಯಲ್ಲಿ ಒಂದು ನೀಲಿ ಮಚ್ಚೆ. ಭೂಗೋಳ ಪಾಠ ಮಾಡುವ ನಾವು ಮಕ್ಕಳಿಗೆ ತೋರಿಸುವುದೂ ಅಷ್ಟನ್ನೇ. ಆದರೆ ಆ ಮಚ್ಚೆಗೆ ಖಾಯಂ ಅಂಚೆಂಬುದಿಲ್ಲ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್; ಮಳೆಗಾಲದ ಕೊನೆಗೆ ಅದರ ಐದಾರು ಪಟ್ಟು. ಸರೋವರದಿಂದ ಹೊರಟ ಹೊಳೆಯೊಂದು ನೋಮ್ ಪೆನ್ ನಗರದ ಬಳಿ ಮೆಕಾಂಗ್ ನದಿಯನ್ನು ಸೇರುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ ಈ ಹೊಳೆ ಬಂದ ದಾರಿಯಲ್ಲೇ ಹಿಂದಕ್ಕೆ ಹರಿದು ಸರೋವರವನ್ನು ತುಂಬುತ್ತದೆ. ಸುತ್ತಲ ಕಾಡು ಮುಳುಗುತ್ತದೆ. ಮೀನಿನ ಮರಿಗಳು ಬೆಳೆಯುವುದು ಅಲ್ಲಿಯೇ. ತೇಲುವ ಮನೆಗಳಲ್ಲಿ ಬಾಳುವವರಿಗೆ ಈ ನೀರೇ ಪಂಚಾಂಗ.

ಮುಳುಗುವುದೆಂದರೆ ಅನಾಹುತ ಎಂದೇ ತಿಳಿದವರು ನಾವು. ಅಲ್ಲಿ ಮುಳುಗದ ವರ್ಷವೇ ಬರ. 2019ರಲ್ಲಿ ಮಳೆಯೂ ತಡವಾಯಿತು, ಹೊಳೆ ತಿರುಗಿದ್ದೂ ತಡವಾಯಿತು. ಮೇಲ್ಗಡೆ ಚೀನಾ ಹತ್ತಕ್ಕೂ ಹೆಚ್ಚು ಅಣೆಕಟ್ಟು ಕಟ್ಟಿದೆ. ಲಾವೋಸಿನ ಶಯಾಬುರಿ ಅಣೆಕಟ್ಟೂ ಅದೇ ವರ್ಷ ವಿದ್ಯುತ್ ಕೊಡತೊಡಗಿತು. ಬಹುಪಾಲು ಹೋಗುವುದು ಥಾಯ್ಲೆಂಡಿಗೆ. 1995ರಲ್ಲಿ ಕೆಳಗಿನ ನಾಲ್ಕು ದೇಶಗಳು ಮೆಕಾಂಗ್ ನದಿ ಆಯೋಗ ರಚಿಸಿಕೊಂಡವು. ನದಿಯ ತಲೆಯಲ್ಲಿ ಕುಳಿತ ಚೀನಾ ಅದರ ಸದಸ್ಯನಲ್ಲ.

ದೀಪವಿಲ್ಲದ ಊರಿಗೆ ವಿದ್ಯುತ್ ಬೇಡವೇ ಎಂದು ಕೇಳಿದರೆ, ಬೇಡವೆನ್ನಲು ನನಗೆ ಬಾಯಿ ಬಾರದು. ಆದರೆ ಆ ಕರೆಂಟಿನ ಲೆಕ್ಕ ಬರೆಯುವಾಗ, ಹುಟ್ಟದೇ ಹೋದ ಮೀನನ್ನು ಖರ್ಚಿನ ಕಡೆ ಬರೆಯುವವರು ಯಾರು?