ಟೆಸ್ಟ್ ಲ್ಯಾಂಪ್ ಹಿಡಿದವರು

ಮುಂಗಾರು ಹಿಡಿಯಿತೆಂದರೆ ಸಕಲೇಶಪುರದ ಬಿ.ಎಂ. ರಸ್ತೆಯ ಗ್ಯಾರೇಜುಗಳಿಗೆ ಹಾರನ್ ಕೆಟ್ಟ ಗಾಡಿಗಳು ಒಂದರ ಹಿಂದೊಂದು ಬರುತ್ತಿದ್ದವು. ತೋಟದ ಜೀಪು, ಆಲೂರು ಕಡೆಯಿಂದ ಶುಂಠಿ ಹೊತ್ತ ಪಿಕಪ್, ಮಂಗಳೂರಿಗೆ ಹೊರಟ ಲಾರಿ. ಆಗ ಈ ರಸ್ತೆ ರಾಷ್ಟ್ರೀಯ ಹೆದ್ದಾರಿ 48, ಈಗ 75. ದೋಣಿಗಾಲ್ ದಾಟಿ ಶಿರಾಡಿ ಘಾಟಿ ಇಳಿಯುವವರಿಗೆ, ಮಂಜು ಕವಿದ ಬಿಸಿಲೆ ರಸ್ತೆಯಲ್ಲಿ ತಿರುಗುವವರಿಗೆ ಹಾರನ್ ಇಲ್ಲದೆ ನಡೆಯದು. ತೋಟದ ರೈಟರುಗಳು ಬ್ರೇಕಿನಷ್ಟೇ ಕಾಳಜಿಯಿಂದ ಅದನ್ನು ನೋಡಿಸುತ್ತಿದ್ದರು.

ಎಲೆಕ್ಟ್ರಿಷಿಯನ್ನರ ಕೈಯಲ್ಲಿ ಇರುತ್ತಿದ್ದದ್ದು ಟೆಸ್ಟ್ ಲ್ಯಾಂಪ್: ಒಂದು ಬಲ್ಬು, ಎರಡು ವೈರು. ಡ್ರೈವರನಿಗೆ ಬಟನ್ ಒತ್ತಲು ಹೇಳಿ, ತಾವು ಹಾರನ್ನಿನ ಹತ್ತಿರ ಬಗ್ಗಿ ಕಿವಿಗೊಡುತ್ತಿದ್ದರು. ಹಾರನ್ ‘ಟಿಕ್’ ಎಂದರೆ ಕರೆಂಟು ಬರುತ್ತಿದೆ. ಒಳಗಿನ ಪಾಯಿಂಟ್ ಕೆಟ್ಟಿದೆ, ಇಲ್ಲವೇ ಬ್ಯಾಟರಿ ಇಳಿದಿದೆ. ಸದ್ದೇ ಇಲ್ಲವೆಂದರೆ ಮೊದಲು ಫ್ಯೂಸ್, ಆಮೇಲೆ ಬ್ಯಾಟರಿಯಿಂದ ಹಾರನ್ನಿಗೆ ನೇರ ವೈರು. ಕೂಗಿದರೆ ಹಾರನ್ ಸರಿಯಿದೆ, ದೋಷವನ್ನು ಬಟನ್ನಿನಲ್ಲೋ ವೈರಿನಲ್ಲೋ ಹುಡುಕಬೇಕು.

“ಬಿಚ್ಚೋಕೆ ಮುಂಚೆ ಕರೆಂಟು ಎಲ್ಲಿವರೆಗೆ ಬಂದಿದೆ ನೋಡೋ” ಎಂದು ಹಿರಿಯ ಮೆಕ್ಯಾನಿಕ್ ಒಬ್ಬರು ಕೆಲಸ ಕಲಿಯುವ ಹುಡುಗನಿಗೆ ಹೇಳುತ್ತಲೇ ಇರುತ್ತಿದ್ದರು.

ಮಲೆನಾಡಿನ ಮಳೆ ಏನು ಮಾಡುತ್ತದೆಂಬುದು ಅವರಿಗೆ ಗೊತ್ತಿತ್ತು. ಗ್ರಿಲ್ಲಿನ ಹಿಂದಿರುವ ಹಾರನ್ನಿಗೆ ಕೆಸರುನೀರು ರಾಚಿ ಅರ್ಥ್ ಬೋಲ್ಟು ತುಕ್ಕು ಹಿಡಿಯುತ್ತದೆ. ಅದನ್ನು ಉಜ್ಜಿ ಬಿಗಿಮಾಡಿದರೆ ಸಾಕು, ಎಷ್ಟೋ ಜೀಪುಗಳು ಮತ್ತೆ ಕೂಗುತ್ತಿದ್ದವು. ಹಾಗೆಯೂ ಆಗದಿದ್ದರೆ ಹಾರನ್ ಬಿಚ್ಚಿ ಪಾಯಿಂಟನ್ನು ಉಪ್ಪುಕಾಗದದಿಂದ ತಿಕ್ಕಿ, ಹಿಂದಿನ ಸ್ಕ್ರೂವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಸ್ವರ ಕೂಡಿಸುವರು. ನೀರು ನಿಲ್ಲಬಾರದೆಂದು ಹಾರನ್ನಿನ ಬಾಯನ್ನು ಕೆಳಮುಖವಾಗಿ ಕೂರಿಸುವುದನ್ನು ಯಾರೂ ಮರೆಯುತ್ತಿರಲಿಲ್ಲ.

2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಯಿತು. ಈಗ ಹಾರನ್ ಬಟನ್ನಿನ ಕರೆಂಟೂ ಏರ್‌ಬ್ಯಾಗಿನದೂ ಸ್ಟೀರಿಂಗ್ ಒಳಗಿನ ಒಂದೇ ಸುರುಳಿ ಕೇಬಲ್ಲಿನಲ್ಲಿ ಹಾದುಹೋಗುತ್ತವೆ. ಹಾರನ್ ನಿಂತು, ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪವೂ ಹತ್ತಿಕೊಂಡರೆ ಮೊದಲ ಅನುಮಾನ ಆ ಕೇಬಲ್ಲಿನ ಮೇಲೆಯೇ. ಅಲ್ಲಿಗೆ ಟೆಸ್ಟ್ ಲ್ಯಾಂಪ್ ಚುಚ್ಚುವಂತಿಲ್ಲ, ಏರ್‌ಬ್ಯಾಗ್ ಸಿಡಿದರೆ ಕೈಯೇ ಹೋದೀತು. ಅದು ಸ್ಕ್ಯಾನರ್ ಬಲ್ಲವರ ಕೆಲಸ. ಹಳಬರು ಅಲ್ಲಿ ಹಿಂದೆ ಸರಿದದ್ದು ನ್ಯಾಯವೇ.

ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಬಿಚ್ಚಲಾಗದಂತೆ ಮುಚ್ಚಿದ ಹಾರನ್ನುಗಳು ಬಂದ ಮೇಲೆ, ಕೂಗದಿದ್ದರೆ ಹೊಸದು ಹಾಕುವುದೇ ರೂಢಿಯಾಯಿತು. ತುಕ್ಕು ಹಿಡಿದ ಅರ್ಥ್ ಬೋಲ್ಟು ಹಾಗೇ ಉಳಿದರೆ ಹೊಸ ಹಾರನ್ನೂ ಕೂಗುವುದಿಲ್ಲ. ಗಿರಾಕಿಯ ದುಡ್ಡು ಮಾತ್ರ ಹೋಗುತ್ತದೆ. ಫ್ಯೂಸ್, ರಿಲೇ, ಅರ್ಥ್ ಇಂದಿನ ಗಾಡಿಗಳಲ್ಲೂ ಇವೆ. ನಮ್ಮೂರ ಹುಡುಗರು ಸ್ಕ್ಯಾನರ್ ಕಲಿಯಲಿ. ಆದರೆ ಬಿಚ್ಚುವ ಮುಂಚೆ ಕರೆಂಟು ಎಲ್ಲಿ ನಿಂತಿದೆಯೆಂದು ನೋಡುವ ಆ ಹಳೆಯ ಪಾಠ ಕಲಿತ ಮೇಲೆ.