ಮೀನು ಬಿಡಬಹುದು, ಮಾತು?

ತಪಸ್ಸುಕಾಲವೆಂದರೆ ಕ್ರೈಸ್ತರಿಗೆ ಈಸ್ಟರ್‌ವರೆಗೆ ಏನನ್ನಾದರೂ ಬಿಡುವ ಕಾಲ. ವಿಭೂತಿ ಬುಧವಾರ ಹಣೆಗೆ ಬೂದಿ ಬಿದ್ದದ್ದೇ ತಡ, ಮಂಗಳೂರಿನ ನಮ್ಮ ಮನೆಗಳಲ್ಲಿ ಬಿಡುವವರ ಪಟ್ಟಿ ತಯಾರಾಗುತ್ತದೆ. ಒಬ್ಬರು ಸಿಗರೇಟು ಬಿಟ್ಟರೆ ಇನ್ನೊಬ್ಬರು ಸಂಜೆಯ ಪೆಗ್ಗು ಬಿಡುತ್ತಾರೆ, ಮಕ್ಕಳು ಚಾಕೊಲೇಟು. ಶುಕ್ರವಾರ ಮಾಂಸ ಎಲ್ಲರಿಗೂ ನಿಷಿದ್ಧ. ಮೀನಿಗೆ ಮಾತ್ರ ಅಡ್ಡಿಯಿಲ್ಲ. ಕಡಲ ದಂಡೆಯಲ್ಲಿ ಹುಟ್ಟಿದವರಿಗೆ ಕೋಳಿ ಬಿಟ್ಟು ಬಂಗುಡೆ ತಿನ್ನಿ ಅನ್ನುವುದು ಎಂಥ ಪ್ರಾಯಶ್ಚಿತ್ತವೋ ದೇವರೇ ಬಲ್ಲ. ಅಜ್ಜಿಗೂ ಈ ಅನುಮಾನವಿತ್ತು. ಅವಳು ಬಂಗುಡೆಯನ್ನೂ ಬಿಟ್ಟು ನೋಡಿದ್ದಳು, ಕಷ್ಟವೇನೂ ಆಗಿರಲಿಲ್ಲ. ಹಾಗಾಗಿ ಒಂದು ವರ್ಷ ಇಗರ್ಜಿಯಿಂದ ಬಂದವಳೇ ಅಡುಗೆಮನೆಯಲ್ಲಿ ನಿಂತು, "ಈ ಸಲ ಈಸ್ಟರ್ ತನಕ ನಾನು ಯಾರ ಸುದ್ದಿಯೂ ಮಾತಾಡುವುದಿಲ್ಲ" ಎಂದು ಸಾರಿಬಿಟ್ಟಳು.

ಆ ದಿನ ಪಾದ್ರಿಗಳು ಪ್ರವಚನಕ್ಕೆ ಎತ್ತಿಕೊಂಡದ್ದು ಯಾಕೋಬನ ಪತ್ರಿಕೆಯ ಮೂರನೆಯ ಅಧ್ಯಾಯವನ್ನು. ಕುದುರೆಗೆ ಕಡಿವಾಣ, ಹಡಗಿಗೆ ಚುಕ್ಕಾಣಿ, ಕಾಡಿಗೆ ಕಿಡಿ ಎಂದು ನಾಲಿಗೆಯ ಪ್ರತಾಪವನ್ನು ಯಾಕೋಬ ಅಲ್ಲಿ ಒಂದೊಂದಾಗಿ ಎಣಿಸುತ್ತಾನೆ. ಅಜ್ಜಿಯ ಮಾತಿನ ಮುಕ್ಕಾಲು ಪಾಲು ಬೇರೆಯವರ ಮನೆಯದೇ ಆಗಿದ್ದರಿಂದ ಈ ವ್ರತ ಮೂರು ದಿನವೂ ಬಾಳದೆಂದು ನಾವೆಲ್ಲ ಎಣಿಸಿದೆವು. ಅವಳು ಬಿಡಲಿಲ್ಲ. ಸಂಜೆ ಚಹಾದ ಹೊತ್ತಿಗೆ ಸುದ್ದಿ ಹೊತ್ತು ಬಂದವರಿಗೆ, "ಬೇಡ ಬಾಯಿ, ತಪಸ್ಸುಕಾಲ" ಎಂದು ಕೈ ಅಡ್ಡ ಹಿಡಿಯುತ್ತಿದ್ದಳು. ಆಮೇಲೆ ಹುಬ್ಬು ಮೇಲೇರಿಸಿ, ಹಂಚಿನ ಕಡೆ ನೋಡಿ, ಒಂದು ನಿಟ್ಟುಸಿರು ಬಿಡುತ್ತಿದ್ದಳು. ಬಂದವರಿಗೆ ತಿಳಿಯಬೇಕಾದದ್ದೆಲ್ಲ ಅಷ್ಟರಲ್ಲೇ ತಿಳಿದುಹೋಗುತ್ತಿತ್ತು.

ಈ ಉಪಾಯಕ್ಕೆ ಸಾವಿರ ವರ್ಷದ ಚರಿತ್ರೆ ಇದೆ. ಹತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಸನ್ಯಾಸಿಗಳು ಮೌನ ಕೆಡದಿರಲೆಂದು ಕೈಸನ್ನೆಯ ಭಾಷೆಯನ್ನೇ ಕಟ್ಟಿಕೊಂಡರು. ಮೀನು ಬೇಕೆಂದರೆ ನೀರಿನಲ್ಲಿ ಬಾಲ ಆಡಿದ ಹಾಗೆ ಅಂಗೈ ಆಡಿಸಬೇಕು. ರೊಟ್ಟಿಗೆ, ಪುಸ್ತಕಕ್ಕೆ, ಬಟ್ಟೆಗೆ ಬೇರೆ ಬೇರೆ ಸನ್ನೆ. 1180ರ ಸುಮಾರಿಗೆ ವೇಲ್ಸಿನ ಜೆರಾಲ್ಡ್ ಎಂಬ ಪಾದ್ರಿ ಇಂಗ್ಲೆಂಡಿನ ಕ್ಯಾಂಟರ್‌ಬರಿ ಮಠದಲ್ಲಿ ಊಟಕ್ಕೆ ಕುಳಿತ. ಬಾಯಿ ಬಿಡಬಾರದ ಸನ್ಯಾಸಿಗಳು ಬೆರಳು, ಕೈ, ತೋಳು ಎಲ್ಲವನ್ನೂ ಬೀಸುತ್ತ, ಸಿಳ್ಳೆಯನ್ನೂ ಹಾಕುತ್ತ ಹರಟುತ್ತಿದ್ದುದನ್ನು ಕಂಡು, ತಾನು ಬಂದದ್ದು ಮಠಕ್ಕೋ ನಾಟಕಕ್ಕೋ ಎಂದು ಬೆರಗಾದ. ಇದಕ್ಕಿಂತ ಮರ್ಯಾದೆಯಿಂದ ಬಾಯಲ್ಲೇ ಮಾತಾಡಬಹುದಿತ್ತು ಎಂದು ಬರೆದಿಟ್ಟ. ಆ ಪಂಕ್ತಿಯಲ್ಲಿ ನಮ್ಮ ಅಜ್ಜಿಗೂ ಒಂದು ಎಲೆ ಹಾಕಬಹುದಿತ್ತು.

ಬಾಯಿ ಕಟ್ಟುವ ಸಾಹಸಗಳು ಅದಕ್ಕೂ ಹಿಂದಿನವು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಅಗಾಥೊನ್ ಎಂಬ ತಪಸ್ವಿ ಮೌನ ಕಲಿಯಲು ಮೂರು ವರ್ಷ ಬಾಯಲ್ಲಿ ಕಲ್ಲಿಟ್ಟುಕೊಂಡಿದ್ದನಂತೆ. ಅಜ್ಜಿಯ ಬಾಯಲ್ಲಿ ವೀಳ್ಯ ಇರುತ್ತಿತ್ತು, ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಆರನೆಯ ಶತಮಾನದ ಸಂತ ಬೆನೆಡಿಕ್ಟ್ ಮನುಷ್ಯರ ಗುಣ ಬಲ್ಲವನು. ಮಠಕ್ಕೆ ಬರೆದ ನಿಯಮದಲ್ಲಿ ಮೌನಕ್ಕೇ ಒಂದು ಅಧ್ಯಾಯ ಇಟ್ಟ. ರಾತ್ರಿಯ ಕೊನೆಯ ಪ್ರಾರ್ಥನೆಯ ಮೇಲೆ ಯಾರೂ ಮಾತಾಡಕೂಡದೆಂದ. ಆದರೆ ಅತಿಥಿಗಳು ಬಂದರೆ ಮಾತಾಡಿ ಎಂದು ಬಾಗಿಲನ್ನೂ ತೆರೆದಿಟ್ಟ. ಹಸಿದು ಬಂದವನ ಮುಂದೆ ಮೌನ ಸಾಧಿಸುವುದು ಅವನಿಗೆ ಪುಣ್ಯವಾಗಿ ಕಾಣಲಿಲ್ಲ.

ಮೌನದ ಮಠವನ್ನು ನಾನು ಹತ್ತಿರದಿಂದ ಕಂಡದ್ದು ಅಜ್ಜಿಯ ಸೆರಗು ಹಿಡಿದುಕೊಂಡೇ. ಭಾರತದ ಮೊದಲ ಕಾರ್ಮೆಲ್ ಏಕಾಂತ ಮಠ ನಮ್ಮ ಮಂಗಳೂರಿನದು. ಬಿಷಪ್ ಮರಿ ಎಫ್ರೆಮ್ ಅವರ ಕರೆಗೆ ಓಗೊಟ್ಟು 1870ರಲ್ಲಿ ಫ್ರಾನ್ಸಿನಿಂದ ಹೊರಟ ಸನ್ಯಾಸಿನಿಯರಲ್ಲಿ ಕೆಲವರು ದಾರಿಯಲ್ಲೇ ತೀರಿಕೊಂಡರು. ಊರು ಮುಟ್ಟಿದವರಲ್ಲಿ ಗಲಿಲಾಯ ಸೀಮೆಯ ಮರಿಯಮ್ ಬವಾರ್ದಿ ಒಬ್ಬಳು. 1871ರಲ್ಲಿ ವ್ರತ ಸ್ವೀಕರಿಸಿದ್ದು ಇಲ್ಲಿಯೇ. 2015ರಲ್ಲಿ ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಳೆಂದು ಘೋಷಿಸಿದರು. ಅಲ್ಲಿ ಗೋಡೆಗೆ ಕೂರಿಸಿದ ಮರದ ತಿರುಗು ಪೆಟ್ಟಿಗೆಯಲ್ಲಿ ಅಜ್ಜಿ ಬಾಳೆಗೊನೆಯ ಒಂದು ಚಿಪ್ಪು ಇಟ್ಟು ತಿರುಗಿಸುತ್ತಿದ್ದಳು. ಆಚೆಯಿಂದ ಕೈ ಕಾಣದೆ ಸ್ವರ ಮಾತ್ರ ಬರುತ್ತಿತ್ತು. ಜೋಲುಮೋರೆಯ ಸ್ವರವಲ್ಲ, ನಗುವಿನ ಸ್ವರ. ಅದರ ಗುಟ್ಟು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. 1562ರಲ್ಲಿ ಸ್ಪೇನಿನ ಆವಿಲಾದಲ್ಲಿ ಕಾರ್ಮೆಲ್ ಸುಧಾರಣೆಗೆ ಕೈಹಾಕಿದ ಸಂತ ತೆರೇಸಾ, ದಿನವಿಡೀ ಮೌನ ವಿಧಿಸಿದ ಕೈಯಿಂದಲೇ ದಿನಕ್ಕೆರಡು ಸಲ ಎಲ್ಲರೂ ಕೂತು ನಕ್ಕು ಮಾತಾಡುವ ಹೊತ್ತನ್ನೂ ಗೊತ್ತುಮಾಡಿದಳು. ಮಾತು ಅವಳಿಗೆ ಶತ್ರುವಾಗಿರಲಿಲ್ಲ.

ಹಾಗಾದರೆ ಶತ್ರು ಯಾವುದು? ಉತ್ತರ ನಮ್ಮ ಹಿತ್ತಲಲ್ಲೇ ಇತ್ತು. ಪಕ್ಕದ ಮನೆಯ ತೆಂಗಿನಮರವೊಂದು ನಮ್ಮ ಮಾಡಿನ ಕಡೆ ವಾಲಿತ್ತು. ಕಾಯಿ ಬಿದ್ದು ಹಂಚು ಒಡೆದಾಗಲೆಲ್ಲ ಆ ಮನೆಯವರ ದುರಹಂಕಾರದ ಬಗ್ಗೆ ಬಂದವರಿಗೆಲ್ಲ ವರದಿಯಾಗುತ್ತಿತ್ತು. ವರ್ಷಗಟ್ಟಲೆ ಹೀಗೆ ನಡೆದರೂ ಆ ಮನೆಯವರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಆ ತಪಸ್ಸುಕಾಲದಲ್ಲಿ ಮತ್ತೊಂದು ಕಾಯಿ ಬಿತ್ತು. ಅಜ್ಜಿ ಕಕ್ಕಾಬಿಕ್ಕಿ. ನಮ್ಮ ಮುಂದೆ ಹೇಳುವಂತಿಲ್ಲ, ಚಹಾಕ್ಕೆ ಬಂದವರ ಮುಂದೆಯೂ ಹೇಳುವಂತಿಲ್ಲ, ವ್ರತಭಂಗ. ಹೇಳಲು ಉಳಿದವರು ಒಬ್ಬರೇ. ಸೆರಗು ಸಿಕ್ಕಿಸಿಕೊಂಡು ಬೇಲಿಯ ಹತ್ತಿರ ಹೋದಳು.

"ಬಾಯಿ, ನಿಮ್ಮ ಕಾಯಿ ನಮ್ಮ ಹಂಚಿನ ಮೇಲೆ ಬೀಳ್ತದೆ."

"ಅಯ್ಯೋ, ಮೊದಲೇ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?"

ಮರ ಹತ್ತುವವನು ಬಂದು ಕಾಯಿ ಕೆಡವಿದ, ಒಡೆದ ಹಂಚಿನ ದುಡ್ಡೂ ಬಂತು. ನಮ್ಮ ಮನೆಗೆ ಒಂದು ಒಳ್ಳೆಯ ವಿಷಯ ಕೈತಪ್ಪಿತು.

ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸು ಹಾಕಿಕೊಟ್ಟ ಕ್ರಮವೂ ಇದೇ. ಸಹೋದರ ತಪ್ಪಿದರೆ ಮೊದಲು ಅವನೊಬ್ಬನಿಗೇ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಸಭೆಯ ಮುಂದಿಡುವುದು ಆಮೇಲೆ. ನಾವು ಸಭೆಯಿಂದ ಶುರುಮಾಡುತ್ತೇವೆ, ಅವನ ಕಿವಿಗೆ ಬೀಳುವುದು ಕೊನೆಗೆ. 2020ರ ಸೆಪ್ಟೆಂಬರಿನಲ್ಲಿ ಇದೇ ಭಾಗವನ್ನು ವಿವರಿಸುತ್ತ ಪೋಪ್ ಫ್ರಾನ್ಸಿಸ್ ಚಾಡಿಮಾತನ್ನು ಕೋವಿಡ್‌ಗಿಂತ ಕೆಟ್ಟ ಪಿಡುಗು ಎಂದಿದ್ದರು. ಆಗ ನಾವೆಲ್ಲ ಬಾಯಿಗೆ ಮಾಸ್ಕ್ ಕಟ್ಟಿಕೊಂಡಿದ್ದೆವು. ನಮ್ಮ ವಾಳೆಯ, ಅಂದರೆ ಇಗರ್ಜಿಯ ವಾರ್ಡಿನ, ವಾಟ್ಸಾಪ್ ಗುಂಪಿಗೆ ಅದರಿಂದ ಯಾವ ಅಡಚಣೆಯೂ ಆಗಿರಲಿಲ್ಲ.

ಅಜ್ಜಿಯ ನಿಟ್ಟುಸಿರಿನ ವಿಚಾರವನ್ನು ಧರ್ಮಸಭೆ ಎಂದೋ ತೀರ್ಮಾನಿಸಿದೆ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು 1215ರ ನಾಲ್ಕನೆಯ ಲಾಟೆರನ್ ಮಹಾಸಭೆ ವಿಧಿಸಿದಾಗ, ಕೇಳಿದ ಗುರು ಅದನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಹೊರಗೆಡಹಬಾರದೆಂದೂ ಕಟ್ಟಪ್ಪಣೆ ಮಾಡಿತು. ಹುಬ್ಬೇರಿಸುವುದಕ್ಕೂ ಅಲ್ಲಿ ಮಾಫಿಯಿಲ್ಲ.

ಈ ಗುಟ್ಟಿನ ಪೋಷಕನೆಂದು ಜನ ನಂಬಿರುವುದು ಪ್ರಾಗ್ ನಗರದ ಸಂತ ಜಾನ್ ನೆಪೊಮುಕ್‌ನನ್ನು. ದೊರೆ ನಾಲ್ಕನೆಯ ವೆನ್ಸೆಸ್ಲಾಸ್ 1393ರಲ್ಲಿ ಅವನನ್ನು ನದಿಗೆ ಎಸೆಸಿದ. ರಾಣಿಯ ಪಾಪನಿವೇದನೆಯನ್ನು ಬಾಯಿಬಿಡದ್ದಕ್ಕೆ ಈ ಶಿಕ್ಷೆ ಎಂಬುದು ಐತಿಹ್ಯ. ಮಠಾಧಿಪತಿಯ ನೇಮಕದಲ್ಲಿ ದೊರೆಗೂ ಆರ್ಚ್‌ಬಿಷಪ್ಪರಿಗೂ ಎದ್ದ ಜಗಳದಲ್ಲಿ ಸಿಕ್ಕಿಬಿದ್ದ ಎಂಬುದು ಚರಿತ್ರೆ. 1719ರಲ್ಲಿ ಸಮಾಧಿ ತೆರೆದಾಗ ತಲೆಬುರುಡೆಯೊಳಗೆ ಕೊಳೆಯದೆ ಉಳಿದ ತುಣುಕೊಂದು ಸಿಕ್ಕಿತು. ಗುಟ್ಟು ಕಾಯ್ದ ನಾಲಿಗೆಯೇ ಇದು ಎಂದು ಜನ ಕೈಮುಗಿದರು, ಹತ್ತು ವರ್ಷಕ್ಕೆ ಅವನು ಸಂತನೂ ಆದ. 1973ರಲ್ಲಿ ವಿಜ್ಞಾನಿಗಳು ಪರೀಕ್ಷಿಸಿ ನೋಡಿದರೆ ಅದು ನಾಲಿಗೆಯಲ್ಲ, ಮಿದುಳಿನ ಚೂರು. ಭಕ್ತರಿಗೆ ಪೆಚ್ಚೆನಿಸಿರಬಹುದು. ನನಗಂತೂ ಸರಿಯಾದ ಅಂಗವನ್ನೇ ಪೂಜಿಸಿದರು ಅನ್ನಿಸುತ್ತದೆ. ಯಾವ ಮಾತನ್ನು ಯಾರ ಮುಂದೆ ಆಡಬೇಕೆಂಬ ತೀರ್ಮಾನ ನಾಲಿಗೆಯ ಕೈಯಲ್ಲಿ ಯಾವತ್ತು ಇತ್ತು?