ಹಿತ್ತಲಲ್ಲಿ 215 ಬ್ಲಾಕು

ಈ ಕಡೆ ಬರೆದು ತುಂಬಾ ದಿನ ಆಯ್ತು. ಬೈಕೋಬೇಡಿ, ಊರಲ್ಲಿ ಸ್ವಲ್ಪ ಗಾರೆ ಕೆಲಸ ಇತ್ತು :)

ನಮ್ಮೂರು ಕೊಡ್ಲಿಪೇಟೆ. ಕೊಡಗು ಅಂದ ಕೂಡಲೇ ಎಲ್ಲರೂ ಮಡಿಕೇರಿ ಅಂತಾರೆ. ನಾವು ಜಿಲ್ಲೆಯ ಉತ್ತರದ ತುದಿಯವರು, ಹೇಮಾವತಿ ದಾಟಿದರೆ ಹಾಸನ. ಮಾತೂ ಆ ಕಡೆಯದೇ. ಮಳೆ ಮಾತ್ರ ಪೂರಾ ಕೊಡಗಿನದು. ಹೋದ ವರ್ಷ ಆಗಸ್ಟಿನಲ್ಲಿ ಅವ್ವ ಅಡಿಗೆಮನೆಯಿಂದ ಬಚ್ಚಲಿಗೆ ಹೋಗುವಾಗ ಹಿತ್ತಲಲ್ಲಿ ಜಾರಿ ಬಿದ್ದಳು. ಕೈ ಮುರಿಯಿತು. ನಾನು ಬೆಂಗಳೂರಿನಲ್ಲಿ ಯಾವುದೋ ಕಾಲ್‌ನಲ್ಲಿ ಕೂತಿದ್ದೆ. ಅಪ್ಪ ಫೋನ್ ಮಾಡಿದ್ದು ಪ್ಲಾಸ್ಟರ್ ಹಾಕಿಸಿ ಮನೆಗೆ ಬಂದ ಮೇಲೆ! 'ನೀನ್ ಬಂದು ಏನ್ ಮಾಡ್ತಿದ್ದೆ' ಅಂದರು. ಬೇಜಾರಿನಿಂದಲ್ಲ, ಸುಮ್ಮನೆ. ಅದೇ ಚುಚ್ಚಿತು.

ಹಾಗಾಗಿ ಈ ಏಪ್ರಿಲ್‌ನಲ್ಲಿ ಒಂದು ವಾರ ರಜ ಹಾಕಿ ಹೋದೆ. ಅಮೆರಿಕದಲ್ಲಿರುವ ಗೆಳೆಯನೊಬ್ಬ ಮನೆ ಹಿಂದೆ ಪ್ಯಾಟಿಯೋ ಮಾಡಿಕೊಂಡ ಫೋಟೋ ಕಳಿಸಿದ್ದ. ಅಲ್ಲಿ ಅವರು ಕುರ್ಚಿ ಹಾಕಿಕೊಂಡು ಕೂರುವುದಕ್ಕೆ. ನಮಗೆ ಬೇಕಾದದ್ದು ಬೀಳದೆ ಬಚ್ಚಲು ಮುಟ್ಟುವುದು, ಜೊತೆಗೆ ಒಂದಿಷ್ಟು ಮೆಣಸು ಒಣಗಿಸುವುದು. ಮೇಸ್ತ್ರಿ ಬೇಡ, ನಾನೇ ಮಾಡ್ತೀನಿ ಅಂದೆ. ಇಂಜಿನಿಯರಿಂಗ್ ಓದಿದ್ದು ಮತ್ತೆ ಯಾಕೆ? (ಕಂಪ್ಯೂಟರ್ ಸೈನ್ಸ್ ಅನ್ನೋದು ಬೇರೆ ಮಾತು.)

ಲೆಕ್ಕ ಸುಲಭ. ಜಾಗ 15 ಅಡಿಗೆ 12 ಅಡಿ. ಬ್ಲಾಕು 16 ಇಂಚು ಉದ್ದ, 8 ಇಂಚು ಅಗಲ, 4 ಇಂಚು ದಪ್ಪ. ಮಲಗಿಸಿ ಜೋಡಿಸಿದರೆ 203 ಬೇಕು, ಒಡೆಯುವುದಕ್ಕೆ ಅಂತ 215 ತರಿಸಿದೆ. ಒಂದೊಂದು ಸುಮಾರು 18 ಕಿಲೋ. ಅಂದರೆ ಹತ್ತಿರ ಹತ್ತಿರ 4 ಟನ್ ನನ್ನ ಸೊಂಟದ ಮೇಲೆ ಹಾದು ಹೋಯಿತು ಅಂತ ಗೊತ್ತಾಗಿದ್ದು ಆಮೇಲೆ. 8 ಇಂಚು ಮಣ್ಣು ತೆಗೆದು, 3 ಇಂಚು ಜಲ್ಲಿ ಹಾಕಿ ದಿಮ್ಮಸು ಹೊಡೆದು, ಅದರ ಮೇಲೆ 1 ಇಂಚು ಕ್ರಷರ್ ಡಸ್ಟ್, ಮೇಲೆ ಬ್ಲಾಕು. ಸಿಮೆಂಟು ಹಾಕಲಿಲ್ಲ. ಸಂದಿಗೆ ಡಸ್ಟೇ ಗುಡಿಸಿದೆ. ಇಡೀ ವಾರದಲ್ಲಿ ನಾನು ಮಾಡಿದ ಬುದ್ಧಿವಂತಿಕೆ ಅದೊಂದೇ, ಅದೂ ಸೋಮಾರಿತನದಿಂದ.

ಇಳಿಜಾರು ಮಾತ್ರ ಜೋರಾಗಿ ಮಾಡಿದ್ದೆ. ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿಸಿ ಲೆವೆಲ್ ಹಿಡಿದು, ಗೋಡೆಯಿಂದ ಆಚೆಗೆ 4 ಅಡಿಗೆ 1 ಇಂಚಿನಂತೆ 12 ಅಡಿಗೆ ಸರಿಯಾಗಿ 3 ಇಂಚು. ಕೊನೆಯಲ್ಲಿ ಹಲಸಿನ ಮರದ ಕಡೆ ಉದ್ದಕ್ಕೂ ಒಂದು ತಗ್ಗು ಇತ್ತು. ಮಳೆಗೆ ಸವೆದದ್ದು ಅಂದುಕೊಂಡು ಅದಕ್ಕೂ ಜಲ್ಲಿ ತುಂಬಿದೆ. ಅಪ್ಪ ಕಾಫಿ ಲೋಟ ಹಿಡಿದು ನೋಡುತ್ತಾ ನಿಂತಿದ್ದರು.

'ಮೇಲಿನ ತೋಟದ ನೀರು ಎತ್ಲಾಗ್ ಹೋಯ್ತದ್ಲಾ?'

'3 ಇಂಚು ವಾಟ ಕೊಟ್ಟಿದೀನಲ್ಲಪ್ಪ.'

'ಅದು ಮನೆ ನೀರ್‌ಗಾತು...' ಅಂದು ಒಳಗೆ ಹೋದರು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಟೀವಿಯಲ್ಲಿ ನೋಡಿದಾಗಿನಿಂದ ಅಪ್ಪನಿಗೆ ನೀರಿನದೇ ಯೋಚನೆ. ನಮ್ಮ ಕಡೆ ಅಷ್ಟು ದೊಡ್ಡ ಗುಡ್ಡ ಎಲ್ಲಿದೆ ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಮೇ ತಿಂಗಳಲ್ಲಿ ಒಂದು ಸಂಜೆ ಜೋರು ಮಳೆ. ಅವ್ವ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದಳು. ಬಚ್ಚಲೊಳಗೆ ಮೊಣಕಾಲುದ್ದ ಅಲ್ಲದಿದ್ದರೂ ಪಾದ ಮುಳುಗುವಷ್ಟು ಕೆಂಪು ನೀರು, ಹಂಡೆ ಒಲೆ ಮುಂದಿದ್ದ ಸೌದೆಯೆಲ್ಲ ತೇಲುತ್ತಿತ್ತು. ನಾನು ಮುಚ್ಚಿದ್ದು ತಗ್ಗಲ್ಲ, ತೋಟದ ನೀರು ಹೋಗಲಿ ಅಂತ ನಮ್ಮಜ್ಜ ತೋಡಿದ್ದ ಕಾಲುವೆ!

ಶನಿವಾರ ಬರ್ತೀನಿ, ಸರಿ ಮಾಡ್ತೀನಿ ಅಂದೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಹೋಗಿ ನೋಡಿದರೆ ಕೆಲಸ ಮುಗಿದಿತ್ತು. ಕೊನೆಯ ಎರಡು ಸಾಲು ಕಿತ್ತು, ಜಲ್ಲಿ ಎಲ್ಲ ಬಾಚಿ, ಕಾಲುವೆ ಬಿಡಿಸಿದ್ದರು ಅಪ್ಪ. ಕಿತ್ತ 22 ಬ್ಲಾಕನ್ನು ಹಲಸಿನ ಮರದ ಬುಡದಲ್ಲಿ ನೀಟಾಗಿ ಪೇರಿಸಿದ್ದರು. ಅವರಿಗೆ 64 ವರ್ಷ. ಒಬ್ಬರೇ ಯಾಕೆ ಎತ್ತಿದಿರಿ ಅಂತ ಕೂಗಾಡಿದೆ. 'ಸಿಮೆಂಟ್ ಹಾಕಿಲ್ಲ, ಒಳ್ಳೇದಾತು' ಅಂದರು, ಅಷ್ಟೇ. ಆ ದಿನವೆಲ್ಲ ಕುರ್ಚಿಯಿಂದ ಏಳುವಾಗ ಸೊಂಟ ಹಿಡಿದುಕೊಂಡೇ ಏಳುತ್ತಿದ್ದರು. ನಾನು ನೋಡಿದರೆ ಕೈ ತೆಗೆಯುತ್ತಿದ್ದರು.

ಜುಲೈನಲ್ಲಿ ಮತ್ತೆ ಹೋಗಿದ್ದೆ. ಎಡೆಬಿಡದ ಮಳೆ, ನೀರು ಕಾಲುವೆಯಲ್ಲಿ ಚೆನ್ನಾಗಿ ಹೋಗುತ್ತಿದೆ. ಆದರೆ ಬ್ಲಾಕಿನ ಮೇಲೆಲ್ಲ ಹಸಿರು ಪಾಚಿ. ತಂತಿ ಬ್ರಷ್ಷು ಹಿಡಿದು ಅರ್ಧ ದಿನ ಉಜ್ಜಿದೆ, ಇನ್ನು ಪ್ರತಿ ಮಳೆಗಾಲ ಇದೇ ಕೆಲಸ. ಉಜ್ಜುತ್ತಾ ಬಚ್ಚಲ ಬಾಗಿಲ ಹತ್ತಿರ ಬಂದರೆ ಅಲ್ಲೊಂದು ಹಳೇ ಗೋಣಿಚೀಲ ಹಾಸಿತ್ತು, ಅವಳು ಬಿದ್ದ ಜಾಗದಲ್ಲಿ. ತೆಗೆಯಲಾ ಅಂತ ಕೇಳಿದೆ.

'ಬ್ಯಾಡ ಇರ್ಲಿ ಮಗ' ಅಂದಳು ಅವ್ವ.